ಬಾಕಿ

ಹೊಂಡದ ಸರ್ಕಲ್ಲಿನಿಂದ ಬಾಷಾ ನಗರಕ್ಕೆ
ಆಟೋದವರು ನಲವತ್ತು ಕೇಳ್ತಾರೆ.
ಹದಿನಾಲ್ಕು ವರ್ಷ ನಾನು ಆ ನಲವತ್ತು ಕೊಟ್ಟಿಲ್ಲ.

ಕಡೆಗೆ ಗಾದಿಯೇ ಬಂತು,
ಅಣ್ಣನ ಮಗಳ ಸ್ಕೂಟಿಯ ಹಿಂದೆ, ಹಗ್ಗ ಬಿಗಿಸಿಕೊಂಡು.
"ಅತ್ತೀ, ಅಪ್ಪಗೆ ಬೆನ್ನೆಲ್ಲಾ ಹುಣ್ಣಾಗ್ಯಾವ.
ದೊಡ್ಡಾಸ್ಪತ್ರೆಯವರು ಇನ್ನ ಮನೀಗೆ ಕರಕೊಂಡು ಹೋಗ್ರಿ ಅಂದ್ರು.
ಅರಳೆ ಗಂಟುಗಂಟಾಗೈತಿ, ಹಿಂಜಿ ಕೊಡು."
ಅವನೇ ಕಳಿಸಿದನಾ ಅಂತ ನಾನು ಕೇಳಲಿಲ್ಲ.
ಅವಳೂ ಹೇಳಲಿಲ್ಲ.

ಹೊಲಿಗೆ ಬಿಚ್ಚಿದೆ.
ಮೇಲೆ ಹೂವಿನ ಬಟ್ಟೆ, ಹೊಸದು.
ಅದರ ಕೆಳಗೊಂದು ನೀಲಿ ಪಟ್ಟೆಯದು.
ಅದರ ಕೆಳಗೆ, ಮೂಲೆಯಲ್ಲಿ,
ಅವ್ವನ ಕೈಯ ಕೆಂಪು ದಾರ,
ಪಕ್ಕದಲ್ಲೇ ಒಂದು ಸೊಟ್ಟ ಗಂಟು:
ಒಂಬತ್ತು ವರ್ಷದವಳಿದ್ದಾಗ ನಾನು ಹಾಕಿದ್ದು.
ಬಿಚ್ಚಬ್ಯಾಡ, ಇರಲಿ ಬಿಡು, ಅಂದಿದ್ದಳು.

ಅವ್ವ ಸತ್ತ ಮೂರನೇ ದಿನ
ಇದೇ ಗಾದಿಯನ್ನು ಮಾರಿಕೊಂಡೆ ನೀನು ಅಂತ
ಓಣಿ ಮಂದಿಯೆದುರು ಮಣ್ಣು ತೂರಿ ಬಂದಿದ್ದೆ.
ಅವನು ಇಲ್ಲ ಅನ್ನಲಿಲ್ಲ.
ಹಟಮಾರಿ.
ಕೆಮ್ಮಿ ಕೆಮ್ಮಿ ರಕ್ತ ಬಂದರೂ
ಬಿಲ್ಲು ಕೆಳಗಿಡದ ನಮ್ಮಪ್ಪನ ಹಾಗೇ.

ಮಷೀನಿಗೆ ಕೊಡಲಿಲ್ಲ.
ಅಟ್ಟದ ಮೇಲಿಂದ ಆ ಬಿಲ್ಲು ಇಳಿಸಿದೆ.
ಟಂಯ್ ಅಂದಾಗ ಎದುರಂಗಡಿಯ ಮಂಡಕ್ಕಿಯವನು
ಕತ್ತು ಚಾಚಿ ನೋಡಿದ.
ರಾತ್ರಿವರೆಗೂ ಹಿಂಜಿದೆ;
ಮೂಗಲ್ಲಿ, ರೆಪ್ಪೆಯಲ್ಲಿ ಅವ್ವನ ಮೈಯ ಧೂಳು.
ಎರಡು ಕೇಜಿ ಹೊಸ ಅರಳೆ ಬೆರೆಸಿದೆ.
ಸೊಟ್ಟ ಗಂಟು ಇದ್ದಲ್ಲೇ ಇತ್ತು.

"ಎಷ್ಟಾತು ಅತ್ತೀ?"
ಇನ್ನೂರೈವತ್ತು ಅಂದೆ.
ಪುಗಸಟ್ಟೆ ಕೊಟ್ಟರೆ
ಅವನು ಅದರ ಮೇಲೆ ಮಲಗುವವನಲ್ಲ.

ಸಂಜೆ ಇನ್ನೂರು ಬಂತು.
"ಐವತ್ತು ಆಮ್ಯಾಲೆ ಅಂತ ಹೇಳ್ಯಾನ."

ರಜಬ್ ತಿಂಗಳ ಒಂದು ಗುರುವಾರ
ನಲವತ್ತು ಕೊಟ್ಟು ಹೋದೆ.
ಗಂಡಸರು ಅಂಗಳದಲ್ಲಿ, ನಾವು ಪರದೆಯ ಹಿಂದೆ.
ಜನಾಜಾ ಎತ್ತುವ ಮುಂಚೆ ಹಜರತ್ತರು ಕೂಗಿದರು:
ಬುಡೇನಸಾಬ ಯಾರಿಗಾದರೂ ಬಾಕಿ ಕೊಡೋದಿದ್ದರೆ
ಈಗಲೇ ಹೇಳ್ರಿ, ಇಲ್ಲಾ ಮಾಫ್ ಮಾಡ್ರಿ.

ಕಿರಾಣಿ ಅಂಗಡಿಯವನು ಗಂಟಲು ಸರಿಮಾಡಿಕೊಂಡು
ಮಾಫ್ ಅಂದ.
ಅಣ್ಣನ ಮಗಳು ನನ್ನ ಕಡೆ ನೋಡಿದಳು.

ನಾನು ಹೇಳಲೂ ಇಲ್ಲ,
ಮಾಫ್ ಮಾಡಲೂ ಇಲ್ಲ.
ಐವತ್ತು ರೂಪಾಯಿ.
ಇರಲಿ ಬಿಡು.