ಖಾಲಿ, ಅಳಿಸಬೇಡಿ

ನುಡಿನಮನದ ಕಾರ್ಡು. ಹಾಸನದ ಅಚ್ಚಿನವನು ಫೋನಿನಲ್ಲಿ ಕೇಳಿದ:
'ಮೊಗಣ್ಣನವರ ಹೆಸರಿನ ಕೆಳಗೆ ಏನು ಹಾಕಲಿ ಮೇಡಂ?
ಒಂದೇ ಸಾಲಿಗೆ ಜಾಗ ಇರೋದು.'

ಕಲಾವಿದ ಅನ್ನಲೇ?
ಹದಿನಾರಕ್ಕೇ ದುದ್ದದ ಸಂತೆಯಲ್ಲಿ
ಲಾರಿಗಳ ಬೆನ್ನಿಗೆ 'ಹಾರನ್ ಮಾಡಿ' ಬರೆದು
'ಡಿ'ಯ ಗುಡಿಸಿನ ಮೇಲೊಂದು ಗಿಣಿ ಕೂರಿಸಿ
ಗಿಣಿಗೆ ಬೇರೆ ಎರಡು ರೂಪಾಯಿ ಕೇಳಿದವರು.

ಬರಹಗಾರ?
ರೇಡಿಯೋ ನಾಟಕ, ಹದಿನಾಲ್ಕೂವರೆ ನಿಮಿಷ,
ಒಂದು ಉಸಿರೂ ಹೆಚ್ಚಿಲ್ಲ.
ಬಾವಿಗೆ ಬಿದ್ದ ಸೊಸೆಯನ್ನು ಮೊದಲು ಸಾಯಿಸಿದರು,
ಪಾತ್ರದ ಹುಡುಗಿ ಓದುತ್ತಾ ಅತ್ತುಬಿಟ್ಟಳೆಂದು
ರಾತ್ರೋರಾತ್ರಿ ಬದುಕಿಸಿದರು.
ಬದುಕಿದವಳಿಗೆ ಆಡಲು ಮಾತೇ ಸಿಗದೆ
ಎರಡು ನಿಮಿಷ ಬರೀ ಕೊಡ ತುಂಬಿಸಿದರು.

ನಿರ್ಮಾಪಕ. ಸರ್ಕಾರಿ ಕಾಗದದಲ್ಲೇನೋ ಹಾಗಿತ್ತು.
ಸ್ಟುಡಿಯೋದಲ್ಲಿ ಬರಿಗಾಲಲ್ಲಿ ನಿಂತು
ತಗಡಿನ ಮೇಲೆ ಆಲೂಗಡ್ಡೆ ಉರುಳಿಸಿ ಗುಡುಗು ತರಿಸುವವರು;
ಗುಡುಗು ಮುಗಿದು ಕ್ಯಾಂಟೀನಿನಲ್ಲಿ ಪಲ್ಯ.

ನನಗಾಗ ಇಪ್ಪತ್ತೆರಡು. ಮೊದಲ ದಿನ ಪೇಟೆ ಧಾರಣೆ ಓದಿದೆ.
ಗಾಜಿನಾಚೆಯಿಂದ ಎದ್ದು ಬಂದು ಅಂದರು:
'ಅಂಕಿ ಓದಬೇಡ ತಾಯಿ, ಮೂಟೆ ಹೊತ್ತು ನಿಂತಿದ್ದಾನಲ್ಲ,
ಅವನಿಗೆ ಹೇಳು.'
ಹಾಳೆಯ ಅಂಚಿಗೆ ನನ್ನ ಮೂಗು ಬರೆದಿದ್ದರು. ತುಸು ದೊಡ್ಡದಾಗೇ.

ಈಗ ಹುಡುಕಿದರೆ ಒಂದು ನಾಟಕವೂ ಇಲ್ಲ.
ಟೇಪಿಗೆ ತತ್ವಾರದ ಕಾಲ.
ಸೊಸೆಯ ಮೇಲೆ ಯಾರದೋ ಭಾಷಣ,
ಭಾಷಣದ ಮೇಲೆ ಕಾಲುಬಾಯಿ ಜ್ವರದ ಮುನ್ನೆಚ್ಚರಿಕೆ,
ಜ್ವರದ ಮೇಲೆ ವೀಣೆ.
ಅಳಿಸಿದ್ದೂ ಅವರ ಕೈಯೇ.
ರಿಜಿಸ್ಟರಿನಲ್ಲಿ ಸಹಿ ಇದೆ, ಎಷ್ಟು ಅಂದದ ಸಹಿ.

ಉಳಿದದ್ದು ಬೀರುವಿನ ತಳದಲ್ಲೊಂದು ಸುರುಳಿ.
ಡಬ್ಬಿಯ ಮೇಲೆ ಅದೇ ಲಾರಿಯ ಅಕ್ಷರ:
'ಖಾಲಿ. ಅಳಿಸಬೇಡಿ.'

ಹಾಕಿ ಕೇಳಿದೆ. ಏನೂ ಇಲ್ಲ.
ಕೇಳುತ್ತ ಕೇಳುತ್ತ ಗೊತ್ತಾಯಿತು,
ಒಂದರಂತೆ ಒಂದಿಲ್ಲ ಈ 'ಏನೂ ಇಲ್ಲ':
ಕದ ಮುಚ್ಚಿದ ಮೇಲಿನ ಕಟ್ಟಿನಕೆರೆ ಮಾರುಕಟ್ಟೆ,
ಮಕ್ಕಳು ಹೋದ ಮೇಲಿನ ದುದ್ದದ ಶಾಲೆ,
ಯಾರೋ ಈಗಷ್ಟೆ ಎದ್ದು ಹೋದ ಅಡುಗೆಮನೆ.
ಮಾತು ಮಾತಿನ ನಡುವೆ ಅಂಟಿಸಲು
ಊರೂರು ತಿರುಗಿ ಹಿಡಿದು ತಂದ ಮೌನದ ತುಂಡುಗಳು.
ಕೊನೆಯದರಲ್ಲಿ ಒಂದು ಕೆಮ್ಮು. ಅವರದೇ.
ಹಿಂದೆಯೇ 'ಥತ್, ಕೆಡ್ತು' ಅಂದದ್ದೂ.

ಅದನ್ನೇ ನಾಲ್ಕು ಸಲ ಕೇಳಿದೆ.

ಅಚ್ಚಿನವನು ಮತ್ತೆ ಫೋನು ಮಾಡಿದ.
ಖಾಲಿ ಬಿಡಪ್ಪ, ಅಂದೆ.
'ಖಾಲಿ ಬಿಟ್ಟರೆ ಚೆನ್ನಾಗಿರಲ್ಲ ಮೇಡಂ,
ಸಣ್ಣದೊಂದು ಹೂವು ಹಾಕ್ತೀನಿ.'
ಗಿಣಿ ಇದೆಯಾ, ಕೇಳಿದೆ.