ಚಿಲ್ಲರೆ ಬಾಕಿ

ಮೊದಲ ನಿಯಮ: ಮಂತ್ರಕ್ಕೊಂದು ಬೆಲೆಯಿರಲಿ.
ರಕ್ತ ಅಂತ ಬರೆದು ಹೊಡೆದುಹಾಕಿದೆ.
ಆಯುಷ್ಯ ಅಂತ ಬರೆದೆ. ಅದೂ ಯಾರೋ ಉಟ್ಟು ಬಿಟ್ಟ ಸೀರೆ.
ಕಾರ್ಪೊರೇಷನ್ ಸಿಗ್ನಲ್ಲಿನಲ್ಲಿ ಬಸ್ಸು ನಿಂತೇ ಇತ್ತು,
ನೋಟ್‌ಬುಕ್ಕಿನೊಳಗೆ ನನ್ನ ಮಾಂತ್ರಿಕ, ಇನ್ನೂ ಹೆಸರಿಲ್ಲದವನು,
ಕೈ ಎತ್ತಿಕೊಂಡೇ ಕಾಯುತ್ತಿದ್ದ.

ಆಗ ಕಂಡಕ್ಟರ್ ಪುಟ್ಟಲಿಂಗಮ್ಮ
ನನ್ನ ಟಿಕೆಟ್ಟಿನ ಬೆನ್ನಿಗೆ ಎಂಟೆಂದು ಗೀಚಿ, ಸುತ್ತ ಒಂದು ಸೊನ್ನೆ ಸುತ್ತಿ,
"ಇಳಿಯುವಾಗ ಇಸ್ಕೊಳ್ಳಿ" ಅಂದರು.

ಸಿಕ್ಕಿತು!
ನನ್ನ ರಾಜ್ಯದಲ್ಲಿ ಮಂತ್ರ ಹಾಕುವವರು ಇಡೀ ನೋಟೇ ಕೊಡಬೇಕು:
ಗುಡ್ಡ ಒಂದಂಗುಲ ಸರಿಯಲು
ಬಾಲ್ಯದ ಒಂದು ಪೂರ್ತಿ ಬೇಸಿಗೆ.
ಮಿಕ್ಕಿದ್ದನ್ನು ಲೋಕ ಅಂಗೈಯಲ್ಲಿ ಬರೆದುಕೊಡುತ್ತದೆ,
ಬಾಲ್‌ಪೆನ್ನಿನಲ್ಲಿ.
ನಾಚಿಕೆ ಬಿಟ್ಟು ಕೇಳಬೇಕು.
ಬೆವರಿದರೆ ಹೋಯಿತು.

ಖಳ ಯಾರೋ ಇನ್ನೂ ಗೊತ್ತಿಲ್ಲ,
ಬಹುಶಃ ಚಿಲ್ಲರೆ ಇಟ್ಟುಕೊಂಡೇ ಇಲ್ಲ ಎನ್ನುವವನು.

ಬರೆಯುತ್ತ ಬರೆಯುತ್ತ ಮಾರ್ಕೆಟ್ಟು ಬಂದೇಬಿಟ್ಟಿತು.
ದಡಬಡ ಇಳಿದೆ,
ಸೇವಂತಿಗೆ ಮೂಟೆಗೆ ಮೊಣಕಾಲು ತಾಗಿಸಿಕೊಂಡು.
ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ
ನೆನಪಾಯಿತು: ಎಂಟು ರೂಪಾಯಿ.

ಓಡಲಿಲ್ಲ.
ಎರಡನೇ ನಿಯಮದ ಜಾಗಕ್ಕೆ
ಆ ಟಿಕೆಟ್ಟನ್ನೇ ಸಿಕ್ಕಿಸಿದೆ.
ಮಾಂತ್ರಿಕ ಕೊನೆಗೂ ಕೈ ಇಳಿಸಿ
ಜೇಬು ತಡಕತೊಡಗಿದ.