ಅರವತ್ತೊಂದನೆಯ ನಳಿಕೆ

ಬೆಳಗ್ಗೆ ಏಳಕ್ಕೇ ಬರಹೇಳಿದ್ದೆವು, ಖಾಲಿ ಹೊಟ್ಟೆಯಲ್ಲಿ.
ಕಾಮಾಕ್ಷಿಪಾಳ್ಯದ ಲೇತುಗಳು ಇನ್ನೂ ಎದ್ದಿರಲಿಲ್ಲ.
ಶಾಲೆಯ ಗೇಟಿನ ಮುಂದೆ ಆಯಾ ಗಂಗಹನುಮಮ್ಮ
ಸೆರಗಿನ ಗಂಟಲ್ಲಿ ಕೀಲಿ ಹುಡುಕುತ್ತಿದ್ದಳು.
ನಾನು, ಐಸು ತುಂಬಿದ ಡಬ್ಬಿ, ಹತ್ತಿ, ಸೂಜಿ,
ಏಳು ಡಜನ್ ಬಾಳೆಹಣ್ಣು.

ಹದಿನೇಳು ವರ್ಷ ರೋಗಿಗಳ ತೋಳು ಹಿಡಿದವಳು ನಾನು.
ಕಾಮಾಲೆ, ಡೆಂಗಿ, ಟೈಫಾಯ್ಡು,
ಮುಂಗೈ ಮುಟ್ಟಿದರೆ ಸಾಕು, ಮನೆಯ ಕಥೆ ಗೊತ್ತಾಗುತ್ತಿತ್ತು.
ಏನೂ ಆಗಿಲ್ಲದವರನ್ನು ಚುಚ್ಚಲು ಬಂದದ್ದು
ಇದೇ ಮೊದಲು.

"ಯಾಕೆ ಮಿಸ್? ನಂಗೇನೂ ಆಗಿಲ್ವಲ್ಲ?"
ಅದಕ್ಕೇ ಕಣೋ ತಿಪ್ಪೇಶ, ಅದಕ್ಕೇ.

ಹೇಗೆ ಹೇಳಲಿ ಇವನಿಗೆ?
ವರದಿಯ ಬಲಬದಿಯಲ್ಲಿ, ಇರುವೆಯಂಥ ಅಕ್ಷರದಲ್ಲಿ
'ಇಷ್ಟರಿಂದ ಇಷ್ಟರವರೆಗೆ' ಎಂದು ಅಚ್ಚಾಗಿರುತ್ತದಲ್ಲ,
ನಮ್ಮ ಲ್ಯಾಬಿನಲ್ಲಿ ಆ ಅಂಕಿ ಯಾವುದೋ ಊರಿನ ಮಕ್ಕಳದು,
ಹಿಮದಲ್ಲಿ ಜಾರಿ ಆಡಿ, ಮೀನೆಣ್ಣೆ ಕುಡಿದು ಬೆಳೆದವರದು.
ರಾಗಿಮುದ್ದೆ, ಬಸ್ಸಾರು, ಶಾಲೆಯ ಮೊಟ್ಟೆ,
ಎರಡು ಕಟ್ಟಡಗಳ ಸಂದಿಯಲ್ಲಿ ಇಳಿದಷ್ಟು ಬಿಸಿಲು,
ಇಷ್ಟರಲ್ಲೇ ನೆಟ್ಟಗೆ ಬೆಳೆದು ಓಡುವ ನಿನ್ನ ರಕ್ತದಲ್ಲಿ
ಎಷ್ಟಿದ್ದರೆ ಸಾಕು ಅಂತ
ನಮ್ಮ ಹಾಳೆಗೆ ಗೊತ್ತಿಲ್ಲ.

ಅಪ್ಪ ಅಮ್ಮ ಸಹಿ ಹಾಕಿದ್ದಾರೆ, ಕೆಲವರು ಹೆಬ್ಬೆಟ್ಟು.
ಏಳು ದಾಟಿದವರು ತಾವೂ ಬಾಯಿಬಿಟ್ಟು 'ಹೂಂ' ಅನ್ನಬೇಕು.
ಜೆಸಿಂತಾ ಹೂಂ ಅಂದಳು, ಕಣ್ಣು ಬಿಗಿಯಾಗಿ ಮುಚ್ಚಿ.
ಎರ್ರಿಸ್ವಾಮಿ ಊಹೂಂ ಅಂದ. ಬಿಟ್ಟೆವು.
ಊಹೂಂಗೂ ಒಂದು ಬಾಳೆಹಣ್ಣು.

ಹದಿನೈದು ದಿನದಲ್ಲಿ ಜ್ವರ? ಇಲ್ಲ.
ಟಾನಿಕ್ಕು, ಮಾತ್ರೆ? ಇಲ್ಲ.
ಕೆಮ್ಮು?
"ಇಲ್ಲ" ಅಂದಳು ಅರವತ್ತೊಂದನೆಯವಳು,
ಶಿಫಾ ನಾಜ್, ಐದನೇ ಬಿ, ಉಸಿರು ಕಟ್ಟಿಹಿಡಿದು.
ಅಂದ ಬೆನ್ನಿಗೇ ಬಂತು ಕೆಮ್ಮು,
ಸ್ಕೂಲ್ ಬ್ಯಾಗಿನಲ್ಲಿ ಬಚ್ಚಿಟ್ಟ ಬೆಕ್ಕಿನ ಮರಿ
ಮೇಷ್ಟ್ರ ಎದುರೇ ಕೂಗಿದ ಹಾಗೆ.

"ಶಿಫಾ ಅಂದ್ರೇನೇ ವಾಸಿಯಾಗೋದು ಮಿಸ್."
ವಕೀಲಳ ಹಾಗೆ ನಿಂತಿದ್ದಳು.
ಆದರೂ ಗೆರೆ ಎಳೆದೆ.
ಆರೋಗ್ಯವಂತರ ಪಟ್ಟಿಯಿಂದ ಒಂದು ಹೆಸರನ್ನು
ಆ ಹೆಸರಿನ ಕಣ್ಣೆದುರೇ ಹೊಡೆದುಹಾಕುವುದು
ನರ ಸಿಗದ ತೋಳಿಗಿಂತ ಕಷ್ಟ.

ಎ ಜೀವಸತ್ವಕ್ಕೆ ಬೆಳಕು ಆಗದು.
ತುಂಬಿದ ನಳಿಕೆಗೆಲ್ಲ ಫಾಯಿಲ್ ಸುತ್ತಿದೆ,
ಚಪಾತಿ ಪಾರ್ಸಲ್ ಕಟ್ಟುವ ಅದೇ ಹಾಳೆ.
ಐಸಿನಲ್ಲಿ ಸಾಲಾಗಿ ಬೆಳ್ಳಿಬೆರಳುಗಳು,
ಒಳಗೆ ಮಾತ್ರ ಕತ್ತಲೆ, ಇನ್ನೂ ಬೆಚ್ಚಗೆ.

ಡಾಕ್ಟರು ಹೇಳಿದ್ದರು:
ಎಲ್ಲ ಶಾಲೆಯ ಅಂಕಿಗಳನ್ನೂ ಸಣ್ಣದರಿಂದ ದೊಡ್ಡದಕ್ಕೆ ನಿಲ್ಲಿಸಿ
ಆ ತುದಿಯಿಂದ ಒಂದಷ್ಟು, ಈ ತುದಿಯಿಂದ ಒಂದಷ್ಟು
ತೆಗೆದುಬಿಡುತ್ತೇವೆ; ನಡುವೆ ಉಳಿದದ್ದು ಸಹಜ.
ತುದಿಯ ಆ ಮಕ್ಕಳಿಗೆ ಏನಾಗಿರುತ್ತದೆ ಸಾರ್?
ಏನೂ ಇಲ್ಲಮ್ಮ. ಅದೊಂದು ಲೆಕ್ಕ.
ಅವರಿಗೆ ಅದು ಗೊತ್ತೂ ಆಗುವುದಿಲ್ಲ,
ಎಲ್ಲೋ ಮೋರಿಕಟ್ಟೆ ಪಕ್ಕ ಕುಂಟೆಬಿಲ್ಲೆ ಆಡುತ್ತಿರುತ್ತಾರೆ.

ಡಬ್ಬಿ ಮುಚ್ಚುವಾಗ ಮತ್ತೆ ಬಂದಳು ಶಿಫಾ.
ಬಿದ್ದಿದ್ದ ಫಾಯಿಲ್ ಚೂರನ್ನು ಕಿರುಬೆರಳಿಗೆ ಸುತ್ತಿಕೊಂಡಿದ್ದಾಳೆ.
"ಕೆಮ್ಮು ಹೋದ್ಮೇಲೆ ತಗೋತೀರಾ?"
ಹೋಗಿ ಹದಿನೈದು ದಿನ ಆಗಬೇಕು ಅಂದೆ.
ಎಣಿಸತೊಡಗಿದಳು,
ಬೆಳ್ಳಿಬೆರಳಿಂದ ಶುರುಮಾಡಿ.

ಸುಮನಹಳ್ಳಿ ಸೇತುವೆಯ ಮೇಲೆ ಆಟೋ ನಿಂತೇ ನಿಂತಿತು.
ತೊಡೆಯ ಮೇಲೆ ಡಬ್ಬಿ. ಸೀರೆಗೆ ತಣ್ಣನೆಯ ನೀರು ಇಳಿಯುತ್ತಿತ್ತು.
ಹಿಂದಿನ ಲಾರಿಯವನು ಹಾರ್ನಿನ ಮೇಲೆ ಕೈಯಿಟ್ಟು ನಿದ್ದೆಹೋದಂತಿತ್ತು.

ಲ್ಯಾಬಿನಲ್ಲಿ ನಾಗವೇಣಿ ಒಂದೊಂದೇ ನಳಿಕೆ ಸ್ಟ್ಯಾಂಡಿಗೆ ಇಳಿಸಿದಳು.
"ಅರವತ್ತು. ಅರವತ್ತೆರಡು. ನಡುವಿಂದು ಎಲ್ಲಿ?
ಜರುಗಿಸಿಬಿಡ್ಲಾ?"
ಬೇಡ, ಅಂದೆ.
ಆ ತೂತು ಹಾಗೇ ಇರಲಿ.